ರಂಗೋಲಿ ಮುಟ್ಟದ ದಡ್ಡಿ

ಕುರಿಗಳು ಊರು ಬಿಟ್ಟು ಹೋದ ಮೇಲೆ, ಅವು ತಿರುಗಿ ಬರುವವರೆಗೂ ಅವು ನಿಲ್ಲುವ ದಡ್ಡಿಯಲ್ಲಿ ಕಸಬರಿಗೆ ಆಡಿಸಬಾರದು, ರಂಗೋಲಿ ಹಾಕಬಾರದು. ಶೇವಂತೆವ್ವನ ಮನೆಯಲ್ಲಿ ಇದು ಅವಳ ಅತ್ತೆಯ ಕಾಲದಿಂದ ನಡೆದುಬಂದ ರೂಢಿ. ಬರಿದಾದ ದಡ್ಡಿಗೆ ರಂಗೋಲಿ ಬಿದ್ದರೆ ಅದು ಬರಿದಾಗಿಯೇ ಉಳಿಯುತ್ತದೆ ಎಂದು ಆ ಅತ್ತೆ ಹೇಳುತ್ತಿದ್ದಳಂತೆ. ಹೌದೋ ಅಲ್ಲವೋ, ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ದೀಪಾವಳಿ ಮುಗಿಯುತ್ತಲೂ ಹಿರಿಯ ಮಗ ಸೋಮನಿಂಗ, ಅವನ ಹೆಂಡತಿ ಸುವರ್ಣಾ ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ಕಡೆ ಹೋಗುವರು. ನಾಲತವಾಡದ ಸುತ್ತ ನೀರಾವರಿ ಹೊಲಗಳಿವೆ. ಬೆಳೆ ತೆಗೆದ ಹೊಲದಲ್ಲಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರವಾಯಿತು, ಕುರಿಗೆ ಮೇವಾಯಿತು, ಇವರಿಗೆ ಜೋಳವಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಅಗರಖೇಡದ ದಾರಿಯಲ್ಲಿರುವ ತಮ್ಮ ಊರಿಗೆ ವಾಪಸು. ದಡ್ಡಿ ಇದ್ದದ್ದು ಊರಿನ ಪಡುವಣಕ್ಕೆ, ಊರ ದನಕರು ಮೇಯುವ ಗಾಯರಾಣದ ಅಂಚಿಗೆ. ಕಾಗದದಲ್ಲಿ ಅದು ಸರಕಾರದ ಜಾಗ. ಹೋಗುವಾಗ ಮುಳ್ಳಿನ ಬೇಲಿ ಕಿತ್ತು ಒಲೆಗೆ ಹಾಕುವರು, ಬಂದಾಗ ಹೊಸ ಜಾಲಿ ಕಡಿದು ಕಟ್ಟುವರು. ನಡುವಿನ ತಿಂಗಳುಗಳಲ್ಲಿ ಹೊಸಬರ ಕಣ್ಣಿಗೆ ಅಲ್ಲಿ ಕಾಣುವುದು ಒಂದು ಬನ್ನಿ ಮರ, ಅದರ ಬುಡಕ್ಕೆ ಕುರಿ ನೀರು ಕುಡಿಯುವ ಒಂದು ಕಲ್ಲಿನ ದೋಣಿ, ಅಷ್ಟೆ.

ಊರಲ್ಲಿ ಉಳಿಯುವವರು ಶೇವಂತೆವ್ವ, ಕಿರಿಯ ಮಗ ಸಿದ್ಧರಾಮ, ಅವನ ಹೆಂಡತಿ ಕಾವೇರಿ. ಸಿದ್ಧರಾಮ ಇಂಡಿ ಪಟ್ಟಣದ ಪೇಟೆಯಲ್ಲಿ ಲಿಂಬೆಹಣ್ಣು ಆರಿಸಿ ಚೀಲ ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಕಾವೇರಿ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷೆ. ಮಾತು ಬಲ್ಲವಳು, ಮಾತಿಗೆ ಹೆದರದವಳು.

ಹೋಳಿ ಹುಣ್ಣಿಮೆಗೆ ಎರಡು ವಾರ ಮೊದಲು, ಊರಿನ ಮುಂದಿನ ಐದು ವರ್ಷದ ಯೋಜನೆ ಮಾಡಿಸಲು ಐಶ್ವರ್ಯ ಎಂಬ ಹುಡುಗಿ ಬಂದಳು. ಬಸವನ ಬಾಗೇವಾಡಿಯವಳು. ನೀರು ಎಲ್ಲಿ ಇಂಗಿಸಬೇಕು, ಗಿಡ ಎಲ್ಲಿ ಹಚ್ಚಬೇಕು, ಕಸ ಎಲ್ಲಿಗೆ ಒಯ್ಯಬೇಕು ಎಂಬುದನ್ನು ಊರವರೇ ಹೇಳಬೇಕು ಎಂದಳು. ಅದಕ್ಕೆ ಮೊದಲು ಗುಡಿಯ ಮುಂದಿನ ಬಯಲು ಸಾರಿಸಿ, ಊರಿನ ನಕ್ಷೆಯನ್ನು ಹೆಂಗಸರೇ ರಂಗೋಲಿಯಲ್ಲಿ ಬರೆಯಬೇಕು.

"ಕಾಗದದ ಮ್ಯಾಲ ಬರದ್ರ ಆಗೂದಿಲ್ಲೇನ್ರಿ?" ಎಂದು ಪಂಚಾಯಿತಿ ಅಧ್ಯಕ್ಷ ಶ್ರೀಶೈಲಪ್ಪ ಕೇಳಿದ.

"ಕಾಗದ ಅಂದ್ರ ಪೆನ್ನು ಹಿಡದಾವ್ರಷ್ಟ ಬರೀತಾರ್ರಿ. ರಂಗೋಲಿ ಅಂದ್ರ ಎಲ್ಲಾರ ಕೈ ಬೀಳತಾವು," ಎಂದಳು ಐಶ್ವರ್ಯ.

ಕೈಗಳೇನೋ ಬಿದ್ದವು. ಹಳ್ಳಕ್ಕೆ ನೀಲಿ, ಹೊಲಕ್ಕೆ ಹಸಿರು, ದಾರಿಗೆ ಇಟ್ಟಿಗೆ ಪುಡಿ, ಮನೆಗೆ ಒಂದೊಂದು ಜೋಳದ ಕಾಳು. ಮೂಡಣ ಬಾಜೂ ಸಂಘದ ದಾವಲಬಿಗೆ, ಪಡುವಣ ಬಾಜೂ ಕಾವೇರಿಗೆ.

"ಏ ಕಾವೇರಿ, ನಿಮ್ಮನಿ ಅಷ್ಟು ದೊಡ್ಡದು ಮಾಡಬ್ಯಾಡವಾ, ಹಳ್ಳಕ್ಕ ಬೀಳತೈತಿ!" ಎಂದು ದಾವಲಬಿ ನಗಿಸಿದಳು.

"ನಿಮ್ಮನಿ ಬಾಗಲಾ ಎಲ್ಲೈತಿ ತೋರ್ಸ ಮೊದಲ. ಹೆಂಗ ಒಳಗ ಹೋಗ್ತಿ, ಮಾಳಗಿ ಮ್ಯಾಲಿಂದೇನು?"

ಹಾಗೆ ನಗುತ್ತ ನಗುತ್ತ ಕಾವೇರಿ ಬನ್ನಿ ಮರದ ಜಾಗಕ್ಕೆ ಬಂದಳು. ಅಲ್ಲೊಂದು ಬೇವಿನ ಕಡ್ಡಿ ಊರಿ ಮರ ಮಾಡಿದಳು. ದಡ್ಡಿಯ ಗೆರೆ ಎಳೆಯಲು ಚಿಟಿಕೆ ತುಂಬಿಕೊಂಡವಳು ಕೈ ತಡೆದು, ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಮುಖ ನೋಡಿದಳು. ಶೇವಂತೆವ್ವ ಬೇಡವೆಂದು ತಲೆ ಆಡಿಸಿದಳು. ಕಾವೇರಿ ಆ ಜಾಗ ಬಿಟ್ಟು ಮುಂದೆ ಸರಿದಳು.

ಐಶ್ವರ್ಯ ಗುಡಿಯ ಮಾಳಿಗೆ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆದಳು. "ಪಡುವಣಕ್ಕ ಚಲೋ ಜಾಗಾ ಖಾಲಿ ಐತಲ್ರಿ!" ಎಂದು ಮೇಲಿಂದಲೇ ಕೂಗಿದಳು. ಹೆಂಗಸರು ತಮ್ಮ ತಮ್ಮ ಮನೆ ಹುಡುಕಿ ತೋರಿಸುವ ಗದ್ದಲದಲ್ಲಿದ್ದರು. ಆಮೇಲೆ ಹೇಳಿದರಾಯಿತು ಎಂದುಕೊಂಡು ಕಾವೇರಿಯೂ ಕೈ ತೊಳೆಯಲು ಹೋದಳು.

ಆ ಆಮೇಲೆ ಬಂದದ್ದು ಗ್ರಾಮಸಭೆಯಲ್ಲಿ.

ಕಸ ಬೇರೆ ಮಾಡುವ ಶೆಡ್ ಕಟ್ಟಬೇಕು, ಹಸಿ ಕಸ ಗೊಬ್ಬರ ಮಾಡಬೇಕು, ಅದನ್ನು ಸಂಘದ ಹೆಣ್ಣುಮಕ್ಕಳೇ ನಡೆಸಬೇಕು ಎಂದು ಸಭೆಯಲ್ಲಿ ಓದಿದರು. ಕಸದ ಗಾಡಿಯನ್ನೂ ಸಂಘದವಳೇ ಹೊಡೆಯಬೇಕು. ಅದಕ್ಕೆ ಕಾವೇರಿಯ ಹೆಸರೇ ಬರೆದಿದ್ದರು. ಅವಳು ಆಗಲೇ ಇಂಡಿಗೆ ಹೋಗಿ ಗಾಡಿ ಕಲಿಯತೊಡಗಿದ್ದಳು. ಶೆಡ್ಡಿಗೆ, ಹಿಂದಿನ ದಿನವೇ ಊರಲ್ಲಿ ಸುದ್ದಿಯಾಗಿದ್ದ ಎರಡು ಜಾಗ ಹೇಳಿದರು. ಒಂದು, ಹಾಳುಬಿದ್ದ ಹಳೇ ಶಾಲೆಯ ಜಾಗ. ಅದರ ಗೋಡೆಗೆ ಹತ್ತಿಯೇ ಶೇವಂತೆವ್ವನ ಹಿತ್ತಲು, ಅಡುಗೆಮನೆಯ ಕಿಟಕಿ. ಇನ್ನೊಂದು, ನಕ್ಷೆಯಲ್ಲಿ ಖಾಲಿ ಕಂಡ ಪಡುವಣದ ಜಾಗ.

"ಹಳೇ ಸಾಲಿ ಊರ ನಡು ಆಗ್ತೈತಿ, ವಾಸನಿ ಬರ್ತೈತಿ," ಎಂದ ಶ್ರೀಶೈಲಪ್ಪ. "ಪಡುವಣ ಬಾಜೂನ ಇರಲಿ. ಯಾರದರೆ ತಕರಾರು ಐತೇನು?"

ಕೇಳಿದ್ದು ಎಲ್ಲರನ್ನಾದರೂ ಅವನು ನೋಡಿದ್ದು ಕಾವೇರಿಯನ್ನು. ಅಲ್ಲಿ ಯಾರ ಕುರಿ ನಿಲ್ಲುತ್ತವೆಂದು ಊರಿಗೆಲ್ಲ ಗೊತ್ತು. ಕಾವೇರಿ ಕಾಲುಂಗುರ ತಿರುವುತ್ತ ಕೂತಳು. ಶೇವಂತೆವ್ವ ಎಲೆಯಡಿಕೆಯ ಚೀಲ ಬಿಚ್ಚಿ, ಅದರಲ್ಲಿ ಏನನ್ನೋ ಹುಡುಕತೊಡಗಿದಳು. ಆ ಮನೆಯವರೇ ಸುಮ್ಮನಿರುವಾಗ ಬೇರೆಯವರು ಯಾಕೆ ಬಾಯಿ ಬಿಟ್ಟಾರು? ಶ್ರೀಶೈಲಪ್ಪ ಠರಾವು ಬರೆಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಸಂಜೆ ಕಾವೇರಿ ರೊಟ್ಟಿ ಬಡಿಯುವ ಸದ್ದು ದಿನಕ್ಕಿಂತ ಜೋರಾಗಿತ್ತು. ಬದನೆಕಾಯಿ ಪಲ್ಯ, ರೊಟ್ಟಿ, ಮಜ್ಜಿಗೆ. ಸಿದ್ಧರಾಮ ಕೈಕಾಲು ತೊಳೆದು ಬಂದು ಕೂತ.

"ಶೆಡ್ಡು ದಡ್ಯಾಗ ಅಂತ ಪ್ಯಾಟ್ಯಾಗ ಯಾರೋ ಅಂದ್ರು. ಖರೇನ?"

ಕಾವೇರಿ ಇನ್ನೊಂದು ರೊಟ್ಟಿ ಬಡಿಯತೊಡಗಿದಳು.

"ಯವ್ವಾ, ನಿನ್ನ ಕೇಳಾಕತ್ತೇನಿ."

"ನಿನ್ನ ಹೇಣ್ತಿನ್ನ ಕೇಳು. ಬಾಯಿದ್ದಾಕಿ ಅಕಿ. ಇವತ್ತ ಬಾಯಾಗ ಏನ ಇಟಗೊಂಡು ಕುಂತಿದ್ಳೋ."

"ನೀವೂ ಅಲ್ಲೇ ಕುಂತಿದ್ರೆಲ್ಲಾ ಅತ್ತಿ," ಎಂದಳು ಕಾವೇರಿ, ತಿರುಗಿ ನೋಡದೆ. "ಎಲಿ ಚೀಲದಾಗ ಏನ ಕಳದಿತ್ತು?"

"ನಂದೇನ್ ನಡೀತೈತವಾ, ಮುದುಕಿದು."

"ಹಳೇ ಸಾಲ್ಯಾಗ ಶೆಡ್ಡು ಬಂದ್ರ ನನ್ನ ದೇವರ ಮಾಡಕ್ಕ ಕಸದ ವಾಸನಿ ಬಡೀತೈತಿ ಅಂತ ನಿನ್ನೆ ಯಾರ ಅಂದ್ರು? ನಾ ಅಂದ್ನೇನು?"

ಶೇವಂತೆವ್ವ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಹಾಕಿದಳು. ತಿನ್ನಲಿಲ್ಲ.

"ಹೋಗ್ಲಿ ಬಿಡ್ರಿ," ಎಂದ ಸಿದ್ಧರಾಮ. "ಅಣ್ಣ ಬರೂದರಾಗ ಸರಕಾರದ್ದು ಯಾವ ಕೆಲಸ ಮುಗದೈತಿ? ನಾನ ಫೋನ್ ಮಾಡಿ ಹೇಳತೇನಿ. ಗಾಯರಾಣ ದೊಡ್ಡದೈತಿ, ಆಚೀಕಡೆ ಸರದ ನಿಲ್ಲಸತಾನ."

"ಆಚೀಕಡೆ ಕಲ್ಲ. ನೀರೂ ಇಲ್ಲ, ನೆಳ್ಳೂ ಇಲ್ಲ. ಮಳ್ಯಾಗ ಕುರಿ ನಿಂತ್ರ ಗೊರಸು ಕೊಳೀತಾವು," ಎಂದಳು ಶೇವಂತೆವ್ವ.

"ಗೊತ್ತಿದ್ದಾಕಿ ಅಲ್ಲಿ ಹೇಳಬೇಕಾಗಿತ್ತು."

"ನೀ ಯಾಕ ಬರಲಿಲ್ಲ ಸಭಾಕ್ಕ? ಲಿಂಬೀಹಣ್ಣು ಓಡಿಹೋಗ್ತಿದ್ದೂ?"

ಸಿದ್ಧರಾಮ ಇನ್ನೊಂದು ರೊಟ್ಟಿ ಕೇಳಲಿಲ್ಲ. ಕಾವೇರಿಯೂ ನೀಡಲಿಲ್ಲ.

ಫೋನನ್ನೇನೋ ಅವನು ಮಾಡಿದ. ಆ ವಾರ ದಿನವೂ ಮಾಡಿದ, ಮುಂದಿನ ವಾರವೂ ಮಾಡಿದ. ಅತ್ತಲಿಂದ ಕುರಿ ಒದರುವುದು, ಗಾಳಿ ಬೀಸುವುದು ಕೇಳುತ್ತಿತ್ತು.

"ಮನ್ಯಾಗ ಎಲ್ಲಾ ಆರಾಮ ಅದೇರಿ?" ಎನ್ನುವನು ಸೋಮನಿಂಗ.

"ಆರಾಮ ಅದೇವಿ ಅಣ್ಣಾ."

"ಯವ್ವನ ಮೊಣಕಾಲು?"

"ಪಾಡ ಐತಿ. ಮತ್ತ ಅಣ್ಣಾ…"

"ಹೇಳಪಾ."

"ಏನಿಲ್ಲ. ಮರಿ ಎಷ್ಟ ಹಾಕ್ಯಾವು ಈ ಸಲ?"

ಹೊಸ ಮರಿಗಳ ಬಣ್ಣ, ಯಾವುದು ಕುಂಟು, ಯಾವುದು ತುಂಟ, ಎಲ್ಲವನ್ನೂ ಸೋಮನಿಂಗ ಹೇಳುವನು. ಸಿದ್ಧರಾಮ ಹೂಂಗುಟ್ಟುವನು. ಫೋನ್ ಇಟ್ಟ ಮೇಲೆ ಕಾವೇರಿ, "ಹೇಳಿದ್ರಿ?" ಎಂದು ಕೇಳುವಳು. "ನಾಳಿ ಹೇಳತೇನಿ. ಇವತ್ತ ಖುಷಿಲೆ ಇದ್ದ," ಎನ್ನುವನು.

ಸೋಮನಿಂಗ ದಿನವೂ ಖುಷಿಯಿಂದಲೇ ಇರುತ್ತಿದ್ದ.

ಯುಗಾದಿಗೆ ನಾಲತವಾಡದ ಕಡೆ ಹೊರಟಿದ್ದ ಒಂದು ಗಾಡಿ ಸಿಕ್ಕಿತು. ಕಾವೇರಿ ಎರಡು ದಿನ ಒಲೆಯ ಮುಂದೆ ಕೂತು ಶೇಂಗಾದ ಹೋಳಿಗೆ ಮಾಡಿದಳು, ಖಡಕ್ ರೊಟ್ಟಿ ಮಾಡಿದಳು, ಅಗಸಿ ಹಿಂಡಿ ಕುಟ್ಟಿದಳು. ಸಿದ್ಧರಾಮ ಮಳೆಗೆ ಹೊದೆಯಲು ಅಣ್ಣನಿಗೊಂದು ದಪ್ಪ ತಾಡಪತ್ರಿ ತಂದ. ಶೇವಂತೆವ್ವ ತನ್ನ ಹೊಸ ಇಳಕಲ್ ಸೀರೆಯನ್ನೇ ಮಡಚಿ ಗಂಟಿನಲ್ಲಿಟ್ಟಳು. ಮೂವರೂ ಗಂಟಿನ ಸುತ್ತ ಕೂತು ಕಟ್ಟಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಸುವರ್ಣಾಳ ಫೋನು.

"ಏನ ಕಾವೇರಿ, ಊರ ಜನಾ ಎಲ್ಲಾ ಉಣ್ಣೂವಷ್ಟು ಹೋಳಿಗಿ ಕಳಸೀದೆಲ್ಲಾ! ಅತ್ತಿ ಸೀರಿ ಬ್ಯಾರೆ. ಏನರೆ ತಪ್ಪ ಮಾಡೀರೇನು ಎಲ್ಲಾರೂ ಕೂಡಿ?"

ಸುವರ್ಣಾ ಬಿದ್ದು ಬಿದ್ದು ನಕ್ಕಳು. ಕಾವೇರಿಯೂ ನಕ್ಕಳು.

"ಇಲ್ಲಕ್ಕಾ, ಹಬ್ಬಲ್ಲಾ, ಅದಕ್ಕ."

"ತಪ್ಪಿದ್ರೂ ನಡೀತೈತವಾ. ಇಂಥಾ ಹೋಳಿಗಿ ಕಳಸೂದಿದ್ರ ದಿನಾ ಒಂದು ಮಾಡು!"

ಸರಕಾರದ ಕೆಲಸ ನಿಧಾನವೆಂದು ಸಿದ್ಧರಾಮ ನಂಬಿದ್ದ. ಆ ವರ್ಷದ ಕೆಲಸ ಮಾತ್ರ ಬೇಗ ನಡೆಯಿತು. ಒಂದು ಬೆಳಿಗ್ಗೆ ಗಾಯರಾಣದ ಕಡೆ ಜೆಸಿಬಿ ಸದ್ದು ಕೇಳಿತು. ಕಾವೇರಿ ನೀರಿನ ಕೊಡ ಇಳಿಸಿ ಓಡಿದಳು. ಬನ್ನಿ ಮರದ ಸುತ್ತ ಪಾಯ ತೋಡುತ್ತಿದ್ದರು. ಮೇಲಿನ ಮಣ್ಣು ಕಪ್ಪಗೆ, ಹುಡಿಹುಡಿಯಾಗಿ, ತಲೆಮಾರುಗಳ ಕುರಿಹಿಕ್ಕೆ ಕುಡಿದು ಮೆತ್ತಗಾದ ಮಣ್ಣು. ಜನ ಬುಟ್ಟಿ ತಂದು ಅದನ್ನು ತಮ್ಮ ತಮ್ಮ ಹೊಲಕ್ಕೆ ಹೊರುತ್ತಿದ್ದರು. ಕಲ್ಲಿನ ದೋಣಿ ಒಂದು ಮಗ್ಗುಲಿಗೆ ಉರುಳಿಬಿದ್ದಿತ್ತು.

"ನೀನೂ ಒಂದು ಬುಟ್ಟಿ ತುಂಬಕೊಳವಾ, ಅಧ್ಯಕ್ಷರಿ," ಎಂದ ಯಾರೋ. "ಇಂಥಾ ಗೊಬ್ಬರ ಎಲ್ಲಿ ಸಿಗತೈತಿ?"

ಕಾವೇರಿ ಮನೆಗೆ ಬಂದು ಆ ದಿನ ಗಾಡಿ ಕಲಿಯಲು ಹೋಗಲಿಲ್ಲ. ಮರುದಿನ ಹೋದಳು.

ಬಸವ ಜಯಂತಿಯ ಎದುರಿಗೆ ಕೆಟ್ಟ ಮಳೆ ಹೊಡೆಯಿತು, ಆಲಿಕಲ್ಲೂ ಬಿದ್ದವು. ಮೂರು ಮರಿಗಳು ಸತ್ತವೆಂದು ಸೋಮನಿಂಗ ಕುರಿ ಹೊಡೆದುಕೊಂಡು ಮುಂಚೆಯೇ ಹೊರಟುಬಿಟ್ಟ. ದಾರಿಯಲ್ಲಿ ಫೋನಿನ ಚಾರ್ಜೂ ತೀರಿತ್ತು. ಒಂದು ಸಂಜೆ ಊರ ಹೊರಗೆ ಕುರಿ ಒದರಿದ್ದು ಕೇಳಿದ ಶೇವಂತೆವ್ವ, "ಯವ್ವಾ, ಬಂದ್ರಲ್ಲೇ!" ಎಂದು ಎದ್ದಳು. ಎದ್ದವಳು ಹೊಸ್ತಿಲಲ್ಲೇ ನಿಂತಳು. ಹೊರಗೆ ಕಾಲಿಡಲಿಲ್ಲ.

ಸೋಮನಿಂಗ ಪಾಯದ ಅಂಚಿಗೆ ಕಂಬಳಿ ಹೊದ್ದು ನಿಂತಿದ್ದ. ಪಾಯದಲ್ಲಿ ಮಳೆನೀರು ತುಂಬಿತ್ತು. ಮುಂದಿನ ಕುರಿಗಳು ತಮ್ಮ ಜಾಗ ಹುಡುಕಿ ನುಗ್ಗಿ, ಕೆಸರು ಕಂಡು ಹಿಂದಕ್ಕೆ ಒತ್ತುತ್ತಿದ್ದವು. ಅವನು ಹಿಂಡು ತಿರುಗಿಸಿ ಮನೆಯ ಕಡೆಗೇ ಹೊಡೆದ. ಅಂಗಳ ತುಂಬಿತು, ಪಡಸಾಲೆ ತುಂಬಿತು, ಓಣಿ ತುಂಬಿತು. ತೊಯ್ದ ಉಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂತು.

ಕಾವೇರಿ ಬಿಸಿ ನೀರು ಕೊಟ್ಟಳು, ತಾಟು ಇಟ್ಟಳು. ಸೋಮನಿಂಗ ಕೂತ. ಸುವರ್ಣಾ ಕೂಡಲಿಲ್ಲ.

"ದಡ್ಯಾಗ ತಗ್ಗ ತೋಡಸಿದಾವ್ರು ಯಾರು?"

"ಪಂಚಾಯ್ತ್ಯಾರು ವೈನಿ," ಎಂದ ಸಿದ್ಧರಾಮ. "ಊರ ಯೋಜನಿ ಮಾಡಿದ್ರು, ಅದರಾಗ…"

"ಊರ ಯೋಜನ್ಯಾಗ ನಾವ ಇದ್ದಿದ್ದಿಲ್ಲೇನು?"

ಕಾವೇರಿ ಸೆರಗು ಹೊದ್ದು ಒಲೆಯ ಪಕ್ಕ ನಿಂತಿದ್ದಳು. "ನಕಾಶಿ ಬರದಾಕಿ ನಾನಕ್ಕಾ. ರಂಗೋಲ್ಯಾಗ ಬರೀರಿ ಅಂದ್ರು. ಬರಿದಾದ ದಡ್ಡಿಗಿ ರಂಗೋಲಿ ಮುಟ್ಟಸಬಾರದಲ್ಲಾ, ಅದಕ್ಕ ಬಿಟ್ಟೆ. ಅವರು ಖಾಲಿ ಜಾಗಾ ಅಂತ ತಿಳಕೊಂಡ್ರು."

"ರಂಗೋಲಿ ಮುಟ್ಟಸಬಾರದು, ಖರೆ," ಎಂದಳು ಸುವರ್ಣಾ. "ಬಾಯಿ ತಗದು ಹೇಳಬಾರದು ಅಂತ ಯಾವ ಹಿರ್ಯಾರು ಹೇಳಿದ್ರು?"

"ನಾನೂ ಹೇಳಲಿಲ್ಲವಾ," ಎಂದಳು ಶೇವಂತೆವ್ವ ಮೂಲೆಯಿಂದ. "ತಕರಾರು ಐತೇನಂತ ಕೇಳಿದ್ರು. ಇಲ್ಲಂದ್ರ ಶೆಡ್ಡು ನನ್ನ ಹಿತ್ತಲಕ್ಕ ಬರತೈತಿ ಅಂತ ಬಾಯಿ ಮುಚಗೊಂಡೆ."

"ನೀ ದಿನಾ ಫೋನ್ ಮಾಡ್ತಿದ್ದೆಲ್ಲೋ ತಮ್ಮಾ," ಎಂದ ಸೋಮನಿಂಗ. ಅವನು ಬಾಯಿ ಬಿಟ್ಟದ್ದು ಅದೊಂದೇ ಮಾತಿಗೆ. ಸಿದ್ಧರಾಮ ಕೈಯಲ್ಲಿದ್ದ ನೀರಿನ ಚರಿಗೆಯನ್ನು ಅಣ್ಣನ ಮುಂದಿಟ್ಟು ಹಿಂದೆ ಸರಿದ.

ಸುವರ್ಣಾ ತನ್ನ ಗಂಟಿನಿಂದ ಇಳಕಲ್ ಸೀರೆ ತೆಗೆದು ಅತ್ತೆಯ ಮುಂದಿಟ್ಟಳು. ಮಡಿಕೆ ಬಿಚ್ಚಿರಲಿಲ್ಲ. "ನಾ ನಗಚಾಟಿಕಿ ಮಾಡಿದೆ, ತಪ್ಪ ಮಾಡೀರೇನಂತ. ನನ್ನ ಬಾಯಿಲೆ ಬಂತ ನೋಡ್ರಿ." ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕುರಿಗಳ ನಡುವೆ ತನ್ನ ಒಲೆ ತಾನೇ ಹಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಸೋಮನಿಂಗನೂ ತಾಟು ಬಿಟ್ಟು ಎದ್ದು ಅಲ್ಲಿಗೇ ಹೋದ. ಕಾವೇರಿ ನೀಡಿದ ರೊಟ್ಟಿ ತಾಟಿನಲ್ಲಿ ಹಾಗೆಯೇ ಉಳಿಯಿತು.

ಬೆಳಗಾಗುತ್ತಲೂ ಕಾವೇರಿ ಶ್ರೀಶೈಲಪ್ಪನ ಮನೆಗೆ ಹೋದಳು.

"ಠರಾವು ಆಗೇತಿ, ಪಾಯಾ ಆಗೇತಿ. ಈಗ ಬಂದು ಏನ ಹೇಳತಿ?"

"ಅವತ್ತ ಹೇಳಬೇಕಾಗಿದ್ದು ಇವತ್ತ ಹೇಳಾಕತ್ತೇನ್ರಿ. ಐಶ್ವರ್ಯ ಬಾಯಿ ಅವರನ್ನ ಕರಸ್ರಿ, ಸಭಾ ಕೂಡಸ್ರಿ. ಇಲ್ಲಂದ್ರ ಕುರಿ ನಮ್ಮ ಓಣ್ಯಾಗ ನಿಲ್ತಾವು. ನಿಮ್ಮನಿ ಕಟ್ಟಿ ಮ್ಯಾಲೂ ನಿಲ್ತಾವು."

ಅಷ್ಟರಲ್ಲಿ ಒಂದು ಟಗರು ಆಗಲೇ ಕಟ್ಟೆ ಹತ್ತಿ ಅವನ ಮಲ್ಲಿಗೆ ಬಳ್ಳಿ ಮೇಯುತ್ತಿತ್ತು. ಶ್ರೀಶೈಲಪ್ಪ ಫೋನ್ ಎತ್ತಿಕೊಂಡ.

ಮುಂದಿನ ವಾರ ಸಭೆ ಬನ್ನಿ ಮರದ ಕೆಳಗೇ ಕೂಡಿತು. ಹೇಳುವುದನ್ನೆಲ್ಲ ಕಾವೇರಿ ನಿಂತೇ ಹೇಳಿದಳು. ಇದು ಖಾಲಿ ಜಾಗವಲ್ಲ, ಗೊತ್ತಿದ್ದೂ ಬಾಯಿ ಬಿಡಲಿಲ್ಲ, ವಾಸನೆ ತನ್ನ ಅಡುಗೆಮನೆಗೆ ಬರುತ್ತದೆಂದು ಬಿಡಲಿಲ್ಲ.

ದಾವಲಬಿ ಎದ್ದು ನಿಂತಳು. "ನಿನಗ ಮನಸ ಬಂದಾಗ ಮುಚ್ಚಗೋತಿ, ಮನಸ ಬಂದಾಗ ಬಿಡತಿ. ಮಂಜೂರಾದದ್ದು ವಾಪಸ್ ಹೋದ್ರ ಸಂಘದ ಹೆಣ್ಮಕ್ಕಳು ಏನ ಮಾಡಬೇಕು? ನಿನ್ನ ನಂಬಿ ಕುಂತಾವ್ರ ನಾವು."

"ಶೆಡ್ಡು ಹಳೇ ಸಾಲಿ ಜಾಗಾದಾಗ ಆಗಲಿ," ಎಂದಳು ಕಾವೇರಿ. "ನಮ್ಮ ಹಿತ್ತಲಕ್ಕ."

"ಈಗ ನಿಮ್ಮತ್ತಿ ಏನಂತಾರ?" ಎಂದ ಶ್ರೀಶೈಲಪ್ಪ.

ಶೇವಂತೆವ್ವ ಈ ಸಲ ಎಲೆಯ ಚೀಲ ತಂದಿರಲಿಲ್ಲ. "ಆಗಲಿ. ನಮ್ಮ ದೇವರೂ ಕುರ್ಯಾಗ ಹುಟ್ಟಿ ಬೆಳದಾಂವ. ಮೂಗ ಮುಚಗೊಳ್ಳೂದಿಲ್ಲ."

ಐಶ್ವರ್ಯ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. "ಖಾಲಿ ಯಾಕ ಐತಿ ಅಂತ ನಾನೂ ಕೆಳಗ ಇಳದು ಕೇಳಬೇಕಾಗಿತ್ರಿ," ಎಂದಳು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ.

ಸಭೆ ಒಪ್ಪಿತು. ದಾವಲಬಿ ಮಾತ್ರ, "ಗಾಡಿ ಹೊಡ್ಯಾಕ ಬ್ಯಾರೆ ಯಾರರೆ ಕಲೀಲಿ. ಕಾವೇರಿ ಬ್ಯಾಡ," ಎಂದಳು. ಅದನ್ನೂ ಒಪ್ಪಿದರು. ಕಾವೇರಿ ಅದಕ್ಕೂ ತಕರಾರು ಮಾಡಲಿಲ್ಲ.

ಪಾಯ ಮುಚ್ಚಲು ಇಬ್ಬರು ಅಣ್ಣತಮ್ಮಂದಿರು ಸಲಿಕೆ ಹಿಡಿದರು. ಸಿದ್ಧರಾಮ ಪೇಟೆಗೆ ರಜೆ ಹಾಕಿದ್ದ. ಒಂದೇ ತಗ್ಗಿನ ಎರಡು ತುದಿಯಲ್ಲಿ ನಿಂತು ಮಣ್ಣು ಎಳೆದರು. ನಡುವೆ ಬಂದಾಗ ಸೋಮನಿಂಗ ನೀರಿನ ಚರಿಗೆಯನ್ನು ತಮ್ಮನ ಕಡೆ ಸರಿಸಿದ. ಮುಚ್ಚಿದರೇನು, ಆ ಕಪ್ಪು ಮಣ್ಣು ಊರವರ ಹೊಲ ಸೇರಿ ಆಗಿತ್ತು. ಕೆಳಗಿನ ಕೆಂಪು ಗರಸುಮಣ್ಣು ಮೇಲೆ ಬಂದು, ದಡ್ಡಿಯ ನಡುವೆ ಬರೆ ಎಳೆದ ಹಾಗೆ ಕಾಣುತ್ತಿತ್ತು. ಉರುಳಿದ ದೋಣಿಯನ್ನು ಎತ್ತಿ ನಿಲ್ಲಿಸಿದರು. ಅದರ ಅಂಚಿನ ಒಂದು ತುದಿ ಮುರಿದಿತ್ತು.

ಕುರಿ ಒಳಗೆ ಬರುವ ದಿನ ದಡ್ಡಿಯ ಬಾಯಿಗೆ ರಂಗೋಲಿ ಹಾಕುವುದು ಪ್ರತಿವರ್ಷ ಸುವರ್ಣಾಳ ಕೆಲಸ. ಕಾವೇರಿ ರೊಟ್ಟಿಯ ಬುಟ್ಟಿ ಹೊತ್ತು ಬಂದಾಗ ಅವಳು ರಂಗೋಲಿ ಡಬ್ಬಿ ಹಿಡಿದು ನಿಂತಿದ್ದಳು. ಹೊಸ ಜಾಲಿಯ ಬೇಲಿಯಾಚೆ ಹಿಂಡು ಒತ್ತಾಡುತ್ತಿತ್ತು.

"ಬುಟ್ಟಿ ಕೆಳಗಿಡು," ಎಂದಳು ಸುವರ್ಣಾ. "ತಗೋ ಡಬ್ಬಿ. ಎಲ್ಲಿಂದ ಎಲ್ಲೀತನ ನಮ್ಮದು, ನೀನ ಬರದು ತೋರ್ಸು."

"ಅಕ್ಕಾ, ಬಾಯಿಗಷ್ಟ ಹಾಕೂದಲ್ಲಾ?"

"ಈ ಸಲ ಸುತ್ತ ಹಾಕು."

ಕಾವೇರಿ ಬಗ್ಗಿ ಶುರುಮಾಡಿದಳು. ಬೇಲಿಯ ಗುಂಟ, ಬನ್ನಿ ಮರದ ಹಿಂದೆ, ದೋಣಿಯ ಪಕ್ಕ. ಕೆಂಪು ಮಣ್ಣಿನ ಬರೆ ಬಂದಲ್ಲಿ ನೆಲ ಇನ್ನೂ ಹಸಿ, ಪುಡಿ ನಿಲ್ಲಲೊಲ್ಲದು. ಒಂದು ಸಲ ಹಾಕಿದಳು, ಇನ್ನೊಂದು ಸಲ ಹಾಕಿದಳು, ಬೆರಳು ಮಣ್ಣಿಗೆ ತಾಗುವ ಹಾಗೆ ಮತ್ತೊಂದು ಸಲ ಹಾಕಿದಳು. ಡಬ್ಬಿ ಬರಿದಾಯಿತು. ಗೆರೆ ಕೂಡಲು ಇನ್ನೂ ಮೊಳದಷ್ಟು ಉಳಿದಿತ್ತು. ಶೇವಂತೆವ್ವ ಕುಂಟುತ್ತ ಬಂದು, ಬುಟ್ಟಿಯೊಳಗಿನ ರೊಟ್ಟಿಗೆ ಅಂಟಿದ್ದ ಒಣ ಹಿಟ್ಟನ್ನು ಅಂಗೈಗೆ ಝಾಡಿಸಿ ಸೊಸೆಯ ಕೈಗೆ ಸುರಿದಳು. ಅದರಲ್ಲೇ ಕಾವೇರಿ ಗೆರೆ ಕೂಡಿಸಿದಳು.

ಸುವರ್ಣಾ ಸುತ್ತ ಒಮ್ಮೆ ನಡೆದು ನೋಡಿ ಬಂದಳು. ಆಮೇಲೆ ಬೇಲಿಯ ಬಾಯಿ ತೆಗೆದಳು.

ಕುರಿಗಳು ನುಗ್ಗಿದವು. ಗೊರಸು ಬಿದ್ದಲ್ಲೆಲ್ಲ ರಂಗೋಲಿ ಹಾರಿತು. ಒಂದು ಮರಿ ಹಿಟ್ಟಿನ ಗೆರೆಯನ್ನು ನೆಕ್ಕುತ್ತ ಹೋಯಿತು. ನೋಡುನೋಡುತ್ತ ಏನೂ ಉಳಿಯಲಿಲ್ಲ.

"ಅಳಿಸಿತಲ್ಲಾ ಅಕ್ಕಾ," ಎಂದಳು ಕಾವೇರಿ.

"ಕುರಿ ಬಂದ್ರ ಅಳೀತೈತಿ. ಅಳೀಲಿ," ಎಂದಳು ಸುವರ್ಣಾ. ರೊಟ್ಟಿಯ ಬುಟ್ಟಿ ಎತ್ತಿ, ದಡ್ಡಿಯ ಪಕ್ಕ ಹೊಸದಾಗಿ ಹೂಡಿದ್ದ ತನ್ನ ಮೂರು ಕಲ್ಲಿನ ಒಲೆಯ ಹತ್ತಿರ ಇಟ್ಟಳು. ನಾಳೆ ರೊಟ್ಟಿ ತರುವುದು ಬೇಡ ಎನ್ನಲಿಲ್ಲ, ತಾ ಎಂದೂ ಅನ್ನಲಿಲ್ಲ.